ಐಸ್ ಪ್ಲಾಂಟ್‌ನಿಂದ ಅಮೋನಿಯಾ ಸೋರಿದ ಮೇಲೆ ನಮ್ಮ ಮನೆ ಹತ್ತಿರದ ಗಾಳಿ ಅಳೆಯುವವರು ಯಾರು? ಮಲ್ಪೆ, ಕೊಡವೂರು ಕಡೆಯವರು ಓದಿ

ಬಸಳೆ ಚಪ್ಪರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಲ್ಪೆ ಬಂದರಿಗೂ ಕೊಡವೂರಿಗೂ ನಡುವೆ ಇದೆ. ಹಿಂದೆ ಸುಮಾರು ಇನ್ನೂರು ಮೀಟರ್ ದೂರದಲ್ಲಿ ಒಂದು ಐಸ್ ಪ್ಲಾಂಟ್. ಯಾವುದು ಅಂತ ಹೆಸರು ಹೇಳುವುದಿಲ್ಲ, ಅದು ನನಗೆ ಮುಖ್ಯವೂ ಅಲ್ಲ.

ಕಳೆದ ಮಂಗಳವಾರ ಬೆಳಗಿನ ಜಾವ ಐದು ಗಂಟೆ ಇರಬಹುದು. ಒಲೆ ಹಚ್ಚಲು ಅಡುಗೆಮನೆಗೆ ಹೋದೆ. ಕಿಟಕಿಯಿಂದ ಒಮ್ಮೆಲೇ ಖಾರವಾದ ವಾಸನೆ ಬಂತು. ಕಣ್ಣು ಬಿಡಲಿಕ್ಕೇ ಆಗಲಿಲ್ಲ. ಚಾಪೆಯಲ್ಲಿ ಮಲಗಿದ್ದ ಸಣ್ಣ ಮಗ ಕೆಮ್ಮುತ್ತಾ ಎದ್ದು ಕೂತ. ಹಿಂಬಾಗಿಲು ತೆರೆದು ನೋಡಿದರೆ ಕಂಪೌಂಡ್ ಗೋಡೆಯ ಬುಡದಲ್ಲಿ ಬಿಳಿ ಮಂಜಿನ ಹಾಗೆ ಏನೋ ನೆಲಕ್ಕೆ ಅಂಟಿಕೊಂಡು ಬರುತ್ತಾ ಇತ್ತು. ಬಾಗಿಲು ಹಾಕಿ ಎಲ್ಲರೂ ಮುಂದಿನ ಕೋಣೆಗೆ ಓಡಿದೆವು. ಅರ್ಧ ಗಂಟೆಯಲ್ಲಿ ಕಡಿಮೆ ಆಯಿತು.

ಒಂಬತ್ತು ಗಂಟೆಗೆ ಇಬ್ಬರು ಬಂದರು. ಗೇಟಿನ ಹತ್ತಿರ ನಿಂತು ಕೈಯಲ್ಲಿ ಹಿಡಿಯುವ ಒಂದು ಮೀಟರ್ ತೋರಿಸಿ "ಗಾಳಿ ನಾರ್ಮಲ್ ಇದೆ, ಹೆದರಬೇಡಿ" ಅಂದರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು, ಒಂದು ಒಳ್ಳೆ ಮಳೆಯೂ ಬಂದು ಹೋಗಿತ್ತು. ಬೆಳಿಗ್ಗೆ ಐದಕ್ಕೆ ನನ್ನ ಮಗ ಉಸಿರಾಡಿದ ಗಾಳಿಯಲ್ಲಿ ಏನು ಎಷ್ಟಿತ್ತು? ಅದನ್ನು ಹೇಳುವವರು ಯಾರೂ ಇಲ್ಲ. ಗಾಳಿ ಗುಣಮಟ್ಟ ತೋರಿಸುವ ಮೊಬೈಲ್ ಆ್ಯಪ್ ಆ ದಿನ ಇಡೀ "ಉತ್ತಮ" ಅಂತ ಹಸಿರು ಬಣ್ಣ ತೋರಿಸುತ್ತಿತ್ತು. ಮರುದಿನ ನೋಡಿದರೆ ಗೋಡೆ ಪಕ್ಕದ ಬಸಳೆ ಎಲೆಗಳ ಅಂಚು ಬಿಸಿ ನೀರು ಚೆಲ್ಲಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಗೋಡೆ ಕಡೆಯ ಎಲೆಗಳು ಮಾತ್ರ. ಈಚೆ ಕಡೆಯವು ಹಸಿರಾಗಿಯೇ ಇವೆ.

ಮುಂದಿನ ಸಲ ಹೀಗಾದರೆ ನಾವು ಏನು ಮಾಡಬೇಕು? ಗಾಳಿಯನ್ನು ನಾವೇ ಅಳೆಯಲು ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ದಕ್ಕೆ ಹುಡುಗ

ಅಕ್ಕಾ, ಆ ಹೊತ್ತಿಗೆ ನಾವು ಬೋಟು ನಿಲ್ಲುವ ದಕ್ಕೆಯಲ್ಲೇ ಇದ್ದೆವು, ಬೋಟಿಗೆ ಐಸ್ ತುಂಬಿಸುತ್ತಿದ್ದೆವು. ನಮಗೆ ಏನೂ ವಾಸನೆ ಬರಲಿಲ್ಲ, ಆಮೇಲೆ ಫೋನ್ ಬಂದಾಗಲೇ ಗೊತ್ತಾದದ್ದು. ಪ್ಲಾಂಟ್‌ಗೆ ನಿಮಗಿಂತ ನಾವೇ ಹತ್ತಿರ ಇದ್ದೆವು.

ಹಳೆ ಆಪರೇಟರ್

ತಂಗೀ, ನಾನು 22 ವರ್ಷ ಐಸ್ ಪ್ಲಾಂಟ್‌ನಲ್ಲಿ ಕಂಪ್ರೆಸರ್ ನೋಡಿಕೊಂಡವನು. ನೀವು ಬರೆದದ್ದು ಓದಿದ ಕೂಡಲೇ ಅಮೋನಿಯಾ ಅಂತ ಗೊತ್ತಾಯಿತು.

ಹೆಚ್ಚಿನ ಜನರಿಗೆ ಐಸ್ ಪ್ಲಾಂಟ್ ಅಂದರೆ ನೀರು ಮತ್ತು ಕರೆಂಟ್ ಅಷ್ಟೇ. ಐಸ್ ಕ್ಯಾನ್ ಮುಳುಗುವ ಉಪ್ಪುನೀರಿನ ಟ್ಯಾಂಕನ್ನು ತಂಪು ಮಾಡುವುದು ಅಮೋನಿಯಾ. ಕಂಪ್ರೆಸರ್, ಕಂಡೆನ್ಸರ್, ರಿಸೀವರ್, ಕಾಯಿಲ್, ಹೀಗೆ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒತ್ತಡದಲ್ಲಿ ದ್ರವವಾಗಿರುತ್ತದೆ, ಹೊರಗೆ ಬಿಟ್ಟರೆ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ.

ಆಗಸ್ಟ್ ತಿಂಗಳು ಯಾಕೆ ಅಪಾಯ ಗೊತ್ತಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಎರಡು ತಿಂಗಳು ಬೋಟ್ ಇಲ್ಲ, ಎಷ್ಟೋ ಪ್ಲಾಂಟ್‌ಗಳೂ ನಿಂತಿರುತ್ತವೆ. ಉಪ್ಪು ಗಾಳಿ, ಬಿಡದ ಮಳೆ. ಪೈಪಿಗೆ ತುಕ್ಕು ಹಿಡಿಯುತ್ತದೆ, ವಾಲ್ವ್ ಸೋರದ ಹಾಗೆ ಸುತ್ತಿರುವ ಗ್ಲ್ಯಾಂಡ್ ಪ್ಯಾಕಿಂಗ್ ಒಣಗುತ್ತದೆ. ಆಮೇಲೆ ಒಮ್ಮೆಲೇ ಎಲ್ಲ ಬೋಟಿಗೂ ಐಸ್ ಬೇಕು, ಅವಸರದಲ್ಲಿ ಚಾಲು ಮಾಡುತ್ತಾರೆ. ಇನ್ನೊಂದು ಅಪಾಯದ ಕೆಲಸ ಆಯಿಲ್ ಡ್ರೇನ್ ಮಾಡುವುದು. ಸಿಸ್ಟಮ್ ಒಳಗೆ ಸೇರಿದ ಎಣ್ಣೆಯನ್ನು ಆಗಾಗ ಹೊರಗೆ ಬಿಡಬೇಕು. ಎಣ್ಣೆ ಮುಗಿದ ಕೂಡಲೇ ವಾಲ್ವ್ ಮುಚ್ಚದಿದ್ದರೆ ಅದರ ಹಿಂದೆಯೇ ಅಮೋನಿಯಾ ಬರುತ್ತದೆ. ವಾಲ್ವ್ ಬಿಟ್ಟು ಆಚೆ ಹೋಗಬಾರದು ಅಂತ ಹೊಸ ಹುಡುಗರಿಗೆ ನಾನು ದಿನಾ ಹೇಳುತ್ತಿದ್ದೆ.

ನೀವು ಕಂಡ ಬಿಳಿ ಮಂಜಿನ ವಿಷಯ. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಅಂತ ಪುಸ್ತಕದಲ್ಲಿ ಇರುತ್ತದೆ. ಅದು ಸರಿ. ಆದರೆ ದ್ರವವಾಗಿ ಚಿಮ್ಮಿದಾಗ ತುಂಬ ತಣ್ಣಗಿರುತ್ತದೆ. ನಮ್ಮ ಮಳೆಗಾಲದ ಹಸಿ ಗಾಳಿಯೊಂದಿಗೆ ಸೇರಿ ಭಾರವಾಗಿ ನೆಲ ಹಿಡಿದುಕೊಂಡೇ ಹೋಗುತ್ತದೆ. ಚಾಪೆಯಲ್ಲಿ ಮಲಗಿದ ಮಗುವಿಗೆ ಮೊದಲು ತಾಗಿದ್ದು ಅದಕ್ಕೇ ಇರಬಹುದು.

ದಕ್ಕೆಯ ತಮ್ಮ ಹೇಳಿದ್ದೂ ಸರಿಯೇ. ಈಗ ಪಡುಗಾಳಿ. ಸಮುದ್ರದಿಂದ ಊರಿನ ಕಡೆಗೆ ಬೀಸುತ್ತದೆ. ಪ್ಲಾಂಟ್‌ನ ಪಶ್ಚಿಮಕ್ಕೆ ಇದ್ದವರಿಗೆ ಏನೂ ಇಲ್ಲ, ಪೂರ್ವಕ್ಕೆ ಇದ್ದವರಿಗೆ ಎಲ್ಲ.

ಗಲ್ಫ್ ವಾಪಸಿ

ನಾನು ಗಲ್ಫ್‌ನಲ್ಲಿ ತೈಲ ಕಂಪೆನಿಯ ಸೇಫ್ಟಿ ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದೆ. ಈಗ ಊರಲ್ಲಿ. ಅಕ್ಕ ಕೇಳಿದ ಮೀಟರ್ ವಿಷಯಕ್ಕೆ ಬರುತ್ತೇನೆ.

ಬಂದವರ ಕೈಯಲ್ಲಿ ಇದ್ದದ್ದು ಯಾವ ಮೀಟರ್? ಇದನ್ನು ಯಾರೂ ಕೇಳುವುದಿಲ್ಲ. ಎಲ್ಲ ಕಡೆ ಸಿಗುವುದು ನಾಲ್ಕು ಗ್ಯಾಸ್ ಮೀಟರ್. ಅದು ಆಮ್ಲಜನಕ, ಬೆಂಕಿ ಹಿಡಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನೋಡುತ್ತದೆ. ಉಸಿರಾಟಕ್ಕೆ ತೊಂದರೆ ಕೊಡುವ ಮಟ್ಟದ ಅಮೋನಿಯಾ ಅದಕ್ಕೆ ಕಾಣುವುದೇ ಇಲ್ಲ. ಅಮೋನಿಯಾ ನಿಮ್ಮ ಮುಖಕ್ಕೆ ಹೊಡೆಯುತ್ತಿದ್ದರೂ ಸೊನ್ನೆ ತೋರಿಸಬಹುದು. ಅದಕ್ಕೆ ಅಮೋನಿಯಾದ್ದೇ ಸೆನ್ಸರ್ ಬೇಕು. ಇಲ್ಲದಿದ್ದರೆ ಬಣ್ಣ ಬದಲಾಗುವ ಗಾಜಿನ ಟ್ಯೂಬ್ ಬರುತ್ತದೆ, ಕೈ ಪಂಪಿನಿಂದ ಗಾಳಿ ಎಳೆದರೆ ಬಣ್ಣ ಎಲ್ಲಿವರೆಗೆ ಹೋಯಿತು ಅಂತ ನೋಡಿ ಓದಬಹುದು.

ಆನ್‌ಲೈನಿನಲ್ಲಿ ಸಿಗುವ ಸಣ್ಣ ಗಾಳಿ ಗುಣಮಟ್ಟದ ಡಬ್ಬಿ ತಗೊಂಡು ಮೋಸ ಹೋಗಬೇಡಿ. ಅದರಲ್ಲಿ ಹೆಚ್ಚಿನವು ಲೇಸರ್ ಬೆಳಕಿನಿಂದ ಧೂಳು ಎಣಿಸುವಂಥವು. ಅನಿಲ ಕಾಣುವುದಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ನೀರಿನ ಹನಿಯನ್ನೂ ಧೂಳು ಅಂತ ಎಣಿಸಿ ಜಾಸ್ತಿ ತೋರಿಸುತ್ತವೆ.

ಸರಿಯಾದ ಮೀಟರ್ ಆದರೂ ಸಾಲದು. ನಮ್ಮಲ್ಲಿ ಶಿಫ್ಟ್ ಶುರುವಾಗುವ ಮೊದಲು ಗೊತ್ತಿರುವ ಪ್ರಮಾಣದ ಗ್ಯಾಸ್ ಸ್ವಲ್ಪ ಕೊಟ್ಟು ಮೀಟರ್ ಎಚ್ಚರ ಇದೆಯಾ ನೋಡುತ್ತಿದ್ದರು. ಸೆನ್ಸರ್‌ಗೂ ಆಯಸ್ಸು ಉಂಟು. ಎರಡು ಮೂರು ವರ್ಷದಲ್ಲಿ ಸಾಯುತ್ತದೆ, ಸತ್ತ ಸೆನ್ಸರ್ ಸೊನ್ನೆ ತೋರಿಸುತ್ತದೆ. ಆದ್ದರಿಂದ "ನಾರ್ಮಲ್" ಅಂದವರಿಗೆ ಐದು ಪ್ರಶ್ನೆ ಕೇಳಿ. ಯಾವ ಅನಿಲ ನೋಡಿದಿರಿ? ಎಷ್ಟು ಗಂಟೆಗೆ? ಎಲ್ಲಿ ನಿಂತು, ಗಾಳಿ ಯಾವ ಕಡೆಯಿಂದ ಇತ್ತು? ನೆಲದಿಂದ ಎಷ್ಟು ಎತ್ತರದಲ್ಲಿ? ಮೀಟರ್ ಕೊನೆಗೆ ಪರೀಕ್ಷೆ ಮಾಡಿದ್ದು ಯಾವತ್ತು? ಸರಿಯಾಗಿ ಅಳೆದವರಿಗೆ ಇದಕ್ಕೆ ಉತ್ತರ ಬಾಯಲ್ಲೇ ಇರುತ್ತದೆ, ಕೋಪವೂ ಬರುವುದಿಲ್ಲ.

ಬೋಟ್ ಮನೆ

ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಬೇಡಿ. ಇದು ಭೋಪಾಲ್ ಅಲ್ಲ. ಐಸ್ ಇಲ್ಲದೆ ಮಲ್ಪೆ ಒಂದು ದಿನವೂ ನಡೆಯುವುದಿಲ್ಲ. ಬೋಟಿನವರು, ಮೀನು ಹೊರುವ ಹೆಂಗಸರು, ಲಾರಿಯವರು, ಎಲ್ಲರ ಅನ್ನ ಅದರಲ್ಲೇ ಇದೆ. ಈಗ ರಜೆ ಮುಗಿದು ಎರಡು ವಾರ ಆಗಿದೆ ಅಷ್ಟೇ. ಸ್ವಲ್ಪ ವಾಸನೆ ಬಂದದ್ದನ್ನು ದೊಡ್ಡದು ಮಾಡಿದರೆ ನಾಳೆ ಯಾರಾದರೂ ಬಂದು ಬೀಗ ಹಾಕುತ್ತಾರೆ. ಆಗ ಯಾರು ಜವಾಬ್ದಾರಿ?

ಬಸಳೆ ಚಪ್ಪರ

ಅಣ್ಣಾ, ನನ್ನ ಗಂಡನೂ ಬೋಟಿಗೇ ಹೋಗುವುದು. ಬೀಗ ಹಾಕಿ ಅಂತ ನಾನು ಎಲ್ಲಿಯೂ ಬರೆದಿಲ್ಲ. ಮಗ ಆ ದಿನ ಮಧ್ಯಾಹ್ನದವರೆಗೆ ಕೆಮ್ಮುತ್ತಿದ್ದ. ಅವನು ಏನು ಉಸಿರಾಡಿದ ಅಂತ ಕೇಳುವ ಹಕ್ಕು ನನಗಿಲ್ಲವಾ? ಪ್ಲಾಂಟ್‌ನೊಳಗೆ ಕೆಲಸ ಮಾಡುವ ಹುಡುಗರು ನಮಗಿಂತ ಹತ್ತಿರ ಇದ್ದರು. ಅವರಿಗೆ ಏನಾಯಿತು ಅಂತಲೂ ಗೊತ್ತಿಲ್ಲ. ಅಳೆದರೆ ಅವರಿಗೂ ಒಳ್ಳೆಯದು ತಾನೇ.

ರಸಾಯನದ ಟೀಚರ್

ನಾನು ಸುರತ್ಕಲ್ ಕಡೆ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆ್ಯಪ್ ಯಾಕೆ ಹಸಿರು ತೋರಿಸಿತು ಅಂತ. ನಮ್ಮ ದೇಶದ ಗಾಳಿ ಗುಣಮಟ್ಟ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕ ಹಾಕುತ್ತದೆ. ಅದರಲ್ಲಿ ಅಮೋನಿಯಾ ಇದೆ ನಿಜ. ಆದರೆ ಅಳೆಯುವ ಕೇಂದ್ರ ಇರುವುದು ನಿಮ್ಮ ಕಂಪೌಂಡಿನಲ್ಲಿ ಅಲ್ಲ. ಇನ್ನೂ ದೊಡ್ಡ ವಿಷಯ ಸರಾಸರಿ. ಅಮೋನಿಯಾಕ್ಕೆ ನಮ್ಮ ರಾಷ್ಟ್ರೀಯ ಮಾನದಂಡ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 400 ಮೈಕ್ರೋಗ್ರಾಂ. ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಅಡುಗೆಮನೆಯಲ್ಲಿ 20 ನಿಮಿಷ 40 ಪಿಪಿಎಂ ಇತ್ತು, ಉಳಿದ ಹೊತ್ತು ಸೊನ್ನೆ ಅಂತ ಇಟ್ಟುಕೊಳ್ಳಿ. ಪಿಪಿಎಂ ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು. ದಿನಕ್ಕೆ 1440 ನಿಮಿಷ. 40ನ್ನು 20ರಿಂದ ಗುಣಿಸಿ 1440ರಿಂದ ಭಾಗಿಸಿದರೆ 0.56 ಪಿಪಿಎಂ ಆಗುತ್ತದೆ. ಅಂದರೆ ಘನ ಮೀಟರಿಗೆ ಸುಮಾರು 390 ಮೈಕ್ರೋಗ್ರಾಂ. ಮಿತಿಯ ಒಳಗೇ! ಕಣ್ಣು ಬಿಡಲಾಗದ ಬೆಳಿಗ್ಗೆಯೂ ದಿನದ ಲೆಕ್ಕದಲ್ಲಿ ಮಿತಿ ದಾಟದೆ ನಿಲ್ಲಬಹುದು. ಲೆಕ್ಕ ತಪ್ಪಿಲ್ಲ. ಆ ಮಾನದಂಡ ಮಾಡಿದ್ದೇ ಬೇರೆ ಕೆಲಸಕ್ಕೆ.

ಅಪಘಾತಕ್ಕೆ ಬೇರೆ ಸಂಖ್ಯೆಗಳಿವೆ. ಅಮೋನಿಯಾದ ವಾಸನೆ ಸುಮಾರು 5 ಪಿಪಿಎಂನಲ್ಲೇ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಎಂಟು ಗಂಟೆ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 25. ಅಮೆರಿಕದಲ್ಲಿ ಜನಸಾಮಾನ್ಯರಿಗೆ ಅಂತಲೇ ಮಾಡಿದ ತುರ್ತು ಮಟ್ಟಗಳಲ್ಲಿ 30 ಪಿಪಿಎಂ ದಾಟಿದರೆ ಉರಿ, ಕಿರಿಕಿರಿ. ಒಂದು ಗಂಟೆ 160 ದಾಟಿದರೆ ಗಂಭೀರ ತೊಂದರೆ. 300 ಅಂದರೆ ರಕ್ಷಣೆ ಇಲ್ಲದವರು ಅಲ್ಲಿ ನಿಲ್ಲಲೇಬಾರದು. ನಿಮಿಷ ನಿಮಿಷದ ಅಳತೆ ಬೇಕಾಗುವುದು ಇದಕ್ಕೇ.

ಈಗ ಒಂದು ಸಣ್ಣ ಪ್ರಯೋಗ. ಆರತಿ ತಟ್ಟೆಯಲ್ಲಿ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪು ಓಕುಳಿ ಆಗುತ್ತದಲ್ಲ? ಅಮೋನಿಯಾವೂ ಸುಣ್ಣದ ಹಾಗೆ ಕ್ಷಾರ. ಬಿಳಿ ಕಾಗದಕ್ಕೆ ಅರಿಶಿನ ನೀರು ಹಚ್ಚಿ ನೆರಳಿನಲ್ಲಿ ಒಣಗಿಸಿ ಪಟ್ಟಿ ಕತ್ತರಿಸಿ ಇಡಿ. ವಾಸನೆ ಬಂದಾಗ ಒಂದು ಪಟ್ಟಿ ಒದ್ದೆ ಮಾಡಿ ಕಿಟಕಿಯ ಒಳಗಿನಿಂದ ಹಿಡಿದರೆ ಕೆಂಪಗೆ ತಿರುಗುತ್ತದೆ. ನಾನು ತರಗತಿಯಲ್ಲಿ ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿದು ತೋರಿಸುತ್ತೇನೆ. ಅಂಚಿನಿಂದ ಕೆಂಪು ಹತ್ತಿಕೊಂಡು ಬರುತ್ತದೆ, ಬಾಟಲಿಯಿಂದ ದೂರ ಇಟ್ಟರೆ ನಿಧಾನಕ್ಕೆ ಮತ್ತೆ ಹಳದಿ ಆಗುತ್ತದೆ. ಹಾಗಾಗಿ ಕೂಡಲೇ ಫೋಟೊ ತೆಗೆಯಬೇಕು. ಎಷ್ಟು ಇದೆ ಅಂತ ಇದರಿಂದ ಹೇಳಲು ಆಗುವುದಿಲ್ಲ. ಬಣ್ಣ ಬದಲಾಗಲಿಲ್ಲ ಅಂದರೆ ಗಾಳಿ ಸುರಕ್ಷಿತ ಅಂತಲೂ ಅಲ್ಲ. ಕ್ಷಾರದ ಅನಿಲ ಬಂದಿತ್ತು ಅನ್ನುವುದಕ್ಕೆ ಒಂದು ಗುರುತು, ಅಷ್ಟೇ.

ಬೋಟ್ ಮನೆಯ ಅಣ್ಣನಿಗೆ ಒಂದು ಮಾತು. ವಿಶಾಖಪಟ್ಟಣದಲ್ಲಿ 2020ರ ಮೇ 7ರಂದು ಬೆಳಗಿನ ಜಾವ ಕಾರ್ಖಾನೆಯಿಂದ ಸ್ಟೈರೀನ್ ಎಂಬ ರಾಸಾಯನಿಕ ಸೋರಿ ಹನ್ನೆರಡು ಜನ ಸತ್ತರು. ಅದೂ ಲಾಕ್‌ಡೌನ್‌ನಲ್ಲಿ ನಿಂತಿದ್ದ ಕಾರ್ಖಾನೆಯನ್ನು ಮತ್ತೆ ಶುರು ಮಾಡುವ ಹೊತ್ತಿನಲ್ಲೇ ಆದದ್ದು. ಆಪರೇಟರ್ ಅಣ್ಣ ಹೇಳಿದ ರಜೆಯ ಮಾತು ಓದಿದಾಗ ನನಗೆ ಅದೇ ನೆನಪಾಯಿತು.

ದಕ್ಕೆ ಹುಡುಗ

ಟೀಚರ್, ಅರಿಶಿನದ ಪಟ್ಟಿ ಇವತ್ತೇ ಮಾಡಿಸಿದೆ. ತಂಗಿ ಐವತ್ತು ಕತ್ತರಿಸಿದ್ದಾಳೆ. ಪೇಟೆಯ ಅರಿಶಿನ ಪುಡಿ ಆಗುತ್ತದಾ?

ರಸಾಯನದ ಟೀಚರ್

ಆಗುತ್ತದೆ ತಮ್ಮಾ. ಮೊದಲು ಒಂದು ಪಟ್ಟಿಗೆ ಸುಣ್ಣದ ನೀರು ಮುಟ್ಟಿಸಿ ನೋಡು. ಕೆಂಪಾದರೆ ಪುಡಿ ಒಳ್ಳೆಯದು. ಪಟ್ಟಿಗಳನ್ನು ಡಬ್ಬಿಯಲ್ಲಿ ಮುಚ್ಚಿಡಿ, ಬಿಸಿಲಿಗೆ ಬಣ್ಣ ಹೋಗುತ್ತದೆ.

ರಾತ್ರಿ ಪಾಳಿ ನರ್ಸ್

ಪ್ರಯೋಗ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಪಟ್ಟಿ ಹಿಡಿದುಕೊಂಡು ಯಾರೂ ಪ್ಲಾಂಟ್ ಕಡೆ ಹೋಗಬೇಡಿ. ದಯವಿಟ್ಟು.

ಬಸಳೆ ಚಪ್ಪರ ಅಕ್ಕಾ, ಕಿಟಕಿ ಮುಚ್ಚುವುದಾ ತೆರೆಯುವುದಾ ಅಂತ ನಿಮಗೆ ಯಾರೂ ಹೇಳಲಿಲ್ಲ ಅಲ್ವಾ. ಅಮೋನಿಯಾದ ಮೋಡ ಬರುತ್ತಿರುವಾಗ ಎಲ್ಲ ಮುಚ್ಚಿ, ಫ್ಯಾನ್ ಆಫ್ ಮಾಡಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಮಹಡಿ ಇದ್ದರೆ ಮೇಲೆ ಹೋಗಿ. ಮೂಗು ಬಾಯಿಗೆ ಒದ್ದೆ ಬಟ್ಟೆ. ಅಮೋನಿಯಾ ನೀರಿನಲ್ಲಿ ಬೇಗ ಕರಗುವುದರಿಂದ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಹೊರಗೆ ಇದ್ದರೆ ಗಾಳಿಯ ಜೊತೆ ಓಡಬೇಡಿ, ಅಡ್ಡಕ್ಕೆ ಹೋಗಿ. ಪಡುಗಾಳಿ ಇದ್ದರೆ ಉತ್ತರಕ್ಕೋ ದಕ್ಷಿಣಕ್ಕೋ. ಹೊರಗಿನ ಗಾಳಿ ಸರಿಯಾದ ಮೇಲೆ ಎಲ್ಲ ಕಿಟಕಿ ತೆರೆಯಿರಿ. ಇದನ್ನು ಜನ ಮರೆಯುತ್ತಾರೆ. ಒಳಗೆ ಉಳಿದ ಗಾಳಿಯನ್ನೇ ಗಂಟೆಗಟ್ಟಲೆ ಕುಡಿಯುತ್ತಾರೆ.

ಕಣ್ಣಿಗೆ ತಾಗಿದರೆ ಕಡಿಮೆ ಅಂದರೂ 15 ನಿಮಿಷ ನೀರು ಬಿಡಬೇಕು. ಎಣ್ಣೆ, ಎದೆಹಾಲು, ಏನೂ ಹಾಕಬೇಡಿ. ಅಮೋನಿಯಾವನ್ನು ಜೋರಾಗಿ ಉಸಿರಾಡಿದವರಿಗೆ ಕೂಡಲೇ ಏನೂ ಇಲ್ಲದಿದ್ದರೂ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಉಸಿರು ಏದುಸಿರು ಆದರೆ ಕಾಯಬೇಡಿ. ಆಸ್ಪತ್ರೆಯಲ್ಲಿ "ಗ್ಯಾಸ್" ಅಂತ ಮಾತ್ರ ಹೇಳಿದರೆ ನಮಗೆ ಹೊಟ್ಟೆಯ ಗ್ಯಾಸ್ ಅನಿಸುತ್ತದೆ, ಹಾಗೆ ಆದದ್ದೂ ಉಂಟು. "ಅಮೋನಿಯಾ, ಇಷ್ಟು ಗಂಟೆಗೆ, ಇಷ್ಟು ಹೊತ್ತು" ಅಂತ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ಲಾಂಟ್ ಹುಡುಗರನ್ನೂ ಒಮ್ಮೆ ತೋರಿಸಲು ಹೇಳಿ.

ಕುಳಾಯಿ

ನಮ್ಮ ಕಡೆ, ಮಂಗಳೂರಿನ ಕಾರ್ಖಾನೆಗಳಿರುವ ಪಣಂಬೂರು ಬೈಕಂಪಾಡಿ ಸುತ್ತ ಇರುವವರಿಗೆ ಇದು ದಿನದ ಮಾತು. ಮಲ್ಪೆಯವರು ಕೇಳಿದ್ದು ಒಳ್ಳೆಯದಾಯಿತು. ಎರಡು ವಿಷಯ ಹೇಳುತ್ತೇನೆ.

ಒಂದು, ಎಲ್ಲ ವಾಸನೆಗೂ ಒಂದೇ ಬುದ್ಧಿ ಉಪಯೋಗಿಸಬೇಡಿ. 2022ರ ಏಪ್ರಿಲ್‌ನಲ್ಲಿ ಬಜಪೆ ಹತ್ತಿರ ಮೀನು ಸಂಸ್ಕರಣೆ ಮಾಡುವ ಒಂದು ಘಟಕದಲ್ಲಿ ತ್ಯಾಜ್ಯದ ತೊಟ್ಟಿಗೆ ಬಿದ್ದವನನ್ನು ಎತ್ತಲು ಇಳಿದವರೂ ಸೇರಿ ಐದು ಜನ ಸತ್ತರು. ಎಲ್ಲರೂ ಬಂಗಾಳದಿಂದ ಬಂದ ಹುಡುಗರು. ಮೀನು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ದಾಟಿದರೆ ಮೂಗು ಕೆಲಸ ಮಾಡುವುದೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಅಂತ ಖುಷಿ ಪಟ್ಟರೆ ಜೀವ ಹೋಗುತ್ತದೆ. ನಮ್ಮ ರಾಷ್ಟ್ರೀಯ ಗಾಳಿ ಮಾನದಂಡದ ಹನ್ನೆರಡು ಹೆಸರುಗಳ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ. ಸ್ಟೈರೀನ್ ಕೂಡ ಇಲ್ಲ.

ಎರಡು, ಕಾನೂನು. ಭೋಪಾಲ್ ಆದ ಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು, 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮ. ದೊಡ್ಡ ಕಾರ್ಖಾನೆಗಳು ಸುತ್ತಲಿನ ಜನರಿಗೆ ಏನು ಅಪಾಯ, ಏನು ಮಾಡಬೇಕು ಅಂತ ಮೊದಲೇ ತಿಳಿಸಬೇಕು. ಐಸ್ ಪ್ಲಾಂಟ್‌ನಲ್ಲಿರುವ ಅಮೋನಿಯಾ ಆ ನಿಯಮದಲ್ಲಿ ಹೇಳಿದ ಪ್ರಮಾಣದ ಮಿತಿಗಿಂತ ತುಂಬ ಕಡಿಮೆ, ಹಾಗಾಗಿ ಮನೆ ಪಕ್ಕದಲ್ಲೇ ಇದ್ದರೂ ಆ ಕಟ್ಟುಪಾಡು ಬೀಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಆದರೂ ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ರಾಸಾಯನಿಕ ಅಪಘಾತದ ಸಮಿತಿ ಇರಬೇಕು ಅಂತ 1996ರ ನಿಯಮ ಹೇಳುತ್ತದೆ. ಅಲ್ಲಿಗೆ ಬರೆಯಿರಿ. ಆ ದಿನ ಅಳೆದ ದಾಖಲೆಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಗಲ್ಫ್ ವಾಪಸಿ

ಕುಳಾಯಿಯವರು ಮೂಗಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ. ನಮಗೆ ಮೊದಲ ದಿನದ ತರಬೇತಿಯಲ್ಲಿ ಹೇಳುವುದೇ ಅದು. ಬಿದ್ದವನನ್ನು ಎತ್ತಲು ಮಾಸ್ಕ್ ಇಲ್ಲದೆ ಹೋಗಬೇಡ ಅಂತ. ನನ್ನ ಜೊತೆಗಾರನೊಬ್ಬ ಹಾಗೆ ಓಡಿದ್ದ. ಅವನನ್ನು ನಾವು ಹಿಡಿದು ಎಳೆದದ್ದರಿಂದ ಬದುಕಿದ.

ರಸಾಯನದ ಟೀಚರ್

ಜನರೇ ಅಳೆದ ಉದಾಹರಣೆ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ತಮಿಳುನಾಡಿನ ಕಡಲೂರಿನಲ್ಲಿ ಕೈಗಾರಿಕಾ ವಲಯದ ಪಕ್ಕದ ಹಳ್ಳಿಯವರು 2004ರ ಹೊತ್ತಿಗೆ ಬಕೆಟ್‌ನಿಂದ ಗಾಳಿ ಹಿಡಿದರು. ಮುಚ್ಚಳ ಹಾಕಿದ ಬಕೆಟ್, ಒಳಗೆ ವಿಶೇಷ ಪ್ಲಾಸ್ಟಿಕ್ ಚೀಲ, ಗಾಳಿ ಎಳೆಯಲು ಸಣ್ಣ ಪಂಪ್. ಚೀಲವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಈ ಬಕೆಟ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, 1990ರ ದಶಕದಲ್ಲಿ ಒಂದು ತೈಲ ಸಂಸ್ಕರಣಾಗಾರದ ಸೋರಿಕೆ ಆದ ಮೇಲೆ. ನನಗೆ ಬಕೆಟ್‌ಗಿಂತ ದೊಡ್ಡದಾಗಿ ಕಂಡದ್ದು ಕಡಲೂರಿನವರು ಇಟ್ಟ ವಾಸನೆಯ ದಿನಚರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಂಥ ವಾಸನೆ, ಮೈಗೆ ಏನಾಯಿತು. ಅದನ್ನು ಬರೆಯಲು ಮೀಟರ್ ಬೇಡ.

ಅಮೆರಿಕದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಊರಿನಲ್ಲಿ 2023ರ ಫೆಬ್ರುವರಿ 3ರಂದು ರೈಲು ಹಳಿ ತಪ್ಪಿತು, ಅದರಲ್ಲಿದ್ದ ವಿನೈಲ್ ಕ್ಲೋರೈಡ್ ಎಂಬ ರಾಸಾಯನಿಕದ ಟ್ಯಾಂಕರ್‌ಗಳನ್ನು ಸುಟ್ಟರು. ಅಲ್ಲಿ ಸರಕಾರ ಮನೆ ಮನೆಗೆ ಹೋಗಿ ಗಾಳಿ ನೋಡಿತು, ತೊಂದರೆ ಇಲ್ಲ ಅಂದಿತು. ಜನರಿಗೆ ತಲೆನೋವು, ಗಂಟಲು ಉರಿ ನಿಲ್ಲಲಿಲ್ಲ. ಆಮೇಲೆ ವಿಶ್ವವಿದ್ಯಾಲಯದವರು ವಾಹನದಲ್ಲಿ ಯಂತ್ರ ಇಟ್ಟುಕೊಂಡು ಬೀದಿ ಬೀದಿ ಸುತ್ತಿ ಅಳೆದಾಗ ಅಕ್ರೋಲಿನ್ ಎಂಬ ಇನ್ನೊಂದು ಅನಿಲ ಮಾಮೂಲಿಗಿಂತ ಜಾಸ್ತಿ ಸಿಕ್ಕಿತು. ಹುಡುಕದೆ ಇದ್ದದ್ದು ಸಿಗುವುದಿಲ್ಲ ಅಲ್ವಾ. ಗಲ್ಫ್ ವಾಪಸಿಯವರ ಮೊದಲ ಪ್ರಶ್ನೆ, "ಯಾವ ಅನಿಲ ನೋಡಿದಿರಿ", ಅದಕ್ಕೇ ಅಷ್ಟು ಮುಖ್ಯ.

ಹಳೆ ಆಪರೇಟರ್

ಪ್ಲಾಂಟ್‌ನವರು ನನಗೆ ಪರಿಚಯ. ನಿನ್ನೆ ಹೋಗಿ ಮಾತಾಡಿದೆ. ಆಯಿಲ್ ಡ್ರೇನ್ ವಾಲ್ವಿನಲ್ಲೇ ಆದದ್ದಂತೆ, ಒಪ್ಪಿಕೊಂಡರು. ಹೊಸ ಹುಡುಗ, ಒಬ್ಬನೇ ಇದ್ದ. ಕೈಗೆ ಸ್ವಲ್ಪ ಸುಟ್ಟಿದೆ, ಈಗ ಪರವಾಗಿಲ್ಲ. ಕೈ ಬಿಟ್ಟರೆ ತಾನಾಗಿ ಮುಚ್ಚುವ ಸ್ಪ್ರಿಂಗ್ ವಾಲ್ವ್ ಹಾಕಲು ಹೇಳಿದ್ದೇನೆ. ತುಂಬ ಖರ್ಚಿನದ್ದೇನಲ್ಲ. ಛಾವಣಿ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಟ್ಟಲು ಒಪ್ಪಿದ್ದಾರೆ. ಅಮೋನಿಯಾ ಅಲಾರಂ ಬಗ್ಗೆ ನೋಡುತ್ತೇವೆ ಅಂದರು. ಅದನ್ನು ನಾನು ಬಿಡುವುದಿಲ್ಲ.

ಬೋಟ್ ಮನೆ

ಹುಡುಗನ ಕೈ ಸುಟ್ಟದ್ದು ನನಗೆ ಗೊತ್ತಿರಲಿಲ್ಲ. ಗೇಟಿನ ಮೇಲೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ದೊಡ್ಡದಾಗಿ ಬರೆಸುವ ಜವಾಬ್ದಾರಿ ನನ್ನದು. ಪೇಂಟರ್ ನಮ್ಮವನೇ ಇದ್ದಾನೆ. ಅಲಾರಂ ವಿಷಯ ಸಂಘದ ಸಭೆಯಲ್ಲಿ ಎತ್ತುತ್ತೇನೆ. ಉಳಿದ ಪ್ಲಾಂಟ್‌ನವರೂ ಅಲ್ಲಿ ಬರುತ್ತಾರೆ.

ಬಸಳೆ ಚಪ್ಪರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಎರಡು ಕೆಲಸ ಆಯಿತು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ಐದು ಪ್ರಶ್ನೆಗಳನ್ನೂ ಅದರಲ್ಲೇ ಬರೆದೆ. ಇನ್ನೊಂದು, ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ರಸ್ತೆ ಮೂಲೆಯ ಹಾಲಿನ ಅಂಗಡಿಯಲ್ಲಿ ದಾರ ಕಟ್ಟಿ ತೂಗು ಹಾಕಿದ್ದೇವೆ. ಬೆಳಿಗ್ಗೆ ಹಾಲಿಗೆ ಎಲ್ಲರೂ ಅಲ್ಲಿಗೆ ಬರುತ್ತಾರೆ. ಗಂಟೆ, ವಾಸನೆ, ಗಾಳಿ ಯಾವ ಕಡೆ, ಮಳೆ ಇತ್ತಾ, ಕಣ್ಣು ಗಂಟಲು ಹೇಗಿತ್ತು, ಇಷ್ಟು ಗೆರೆ ಎಳೆದಿದ್ದೇನೆ. ವಾಸನೆ ಇಲ್ಲದ ದಿನವೂ "ಇಲ್ಲ" ಅಂತ ಬರೆಯಬೇಕು ಅಂತ ಟೀಚರ್ ಫೋನಿನಲ್ಲಿ ಹೇಳಿದರು. ಇಲ್ಲದಿದ್ದರೆ ನಾವು ಬರೆದದ್ದನ್ನು ಯಾರೂ ನಂಬುವುದಿಲ್ಲವಂತೆ. ಬರೆಯಲು ಬಾರದ ಹಿರಿಯರು ಹೇಳಿದರೆ ಅಂಗಡಿಯವಳು ಬರೆದುಕೊಳ್ಳುತ್ತಾಳೆ.

ದಕ್ಕೆ ಹುಡುಗ

ಅಕ್ಕಾ, ಇವತ್ತಿನದ್ದು ಇಲ್ಲೂ ಹಾಕುತ್ತೇನೆ. ಬೆಳಿಗ್ಗೆ 5.40, ದಕ್ಕೆಯಲ್ಲಿ ಇಲ್ಲ. 5.55, ನಿಮ್ಮ ಗೋಡೆಯ ಹತ್ತಿರ ತಂಗಿಗೆ ಸ್ವಲ್ಪ ವಾಸನೆ, ಪಟ್ಟಿ ಹಳದಿಯೇ ಇತ್ತು. ಪಡುಗಾಳಿ, ಸಣ್ಣ ಮಳೆ. 6.10, ಇಲ್ಲ.